ಶಹಾಪುರಕ್ಕೆ ಎರಡು, ಸುರಪುರಕ್ಕೆ ಮೂರು

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಯಾರನ್ನೂ ಗೆಲ್ಲಲು ಬಿಟ್ಟವಳಲ್ಲ. ಹಾಗಾಗಿ ವೈದ್ಯರನ್ನು ಸೋಲಿಸುವುದು ಅರ್ಧ ದಿನದ ಕೆಲಸವೆಂದೇ ಭಾವಿಸಿದ್ದೆ.

ಅಪ್ಪ ಯಾದಗಿರಿಯಲ್ಲಿ ದರ್ಜಿ. ಪಾರ್ಕಿನ್ಸನ್ ಕಾಯಿಲೆಯಿಂದ ಬಲಗೈ ನಡುಗತೊಡಗಿದ್ದೇ ತಡ, ಅವ್ವ ಅವನ ಕತ್ತರಿಯನ್ನು ಟ್ರಂಕಿನಲ್ಲಿಟ್ಟು ಬೀಗ ಜಡಿದಳು. "ರೋಗ ಎಷ್ಟದ ಅಂತ ಡಾಕ್ಟರ್ ಹೇಳ್ಲಿ, ಆಮ್ಯಾಲ ಕೊಡ್ತೀನಿ." ಕತ್ತರಿ ಮುಟ್ಟದ ದಿನ ಅಪ್ಪನಿಗೆ ರೊಟ್ಟಿಯೂ ಸೇರದು.

ಯಾದಗಿರಿಯ ವೈದ್ಯರು ಅಪ್ಪನ ಹೆಬ್ಬೆರಳಿಗೆ ತೋರುಬೆರಳನ್ನು ಪಟಪಟ ಬಡಿಸಿ ನೋಡಿದರು. ರೋಗ ಎಷ್ಟಿದೆಯೆಂದು ಅಂಕ ಕೊಡುತ್ತಾರೆ: ಸೊನ್ನೆಯೆಂದರೆ ಏನೂ ಇಲ್ಲ, ನಾಲ್ಕೆಂದರೆ ಬಹಳ.

"ಹೆಂಗದೀರಿ?"

"ಆರಾಮ್ರಿ."

ಒಂದು ಎಂದು ಬರೆದರು. ಜ್ವರದಲ್ಲೂ 'ಆರಾಮ್ರಿ' ಎನ್ನುವ ಊರು ನಮ್ಮದು, ನಾನು ನಂಬಲಿಲ್ಲ. ಮರುದಿನ ಶಹಾಪುರಕ್ಕೆ ಕರೆದೊಯ್ದೆ: ಎರಡು. ಅದರ ಮರುದಿನ ಸುರಪುರ: ಮೂರು! ಅಪ್ಪ ಅದೇ, ಕೈ ಅದೇ. ರೋಗ ಮಾತ್ರ ಬಸ್ ಟಿಕೆಟ್ಟಿನಂತೆ ದೂರ ಹೋದಷ್ಟೂ ಏರುತ್ತಿತ್ತು.

"ಮೇಡಂ, ಹಿಂಗ ಇನ್ನೂ ಮುಂದ ತಿಂಥಣಿಗೆ ಹೋದ್ರ ನಾಕ್ ಆಗ್ತದೇನ್ರಿ?" ಎಂದು ಸುರಪುರದ ವೈದ್ಯೆಯನ್ನು ಕೇಳಿದೆ.

ಅವರು ಅಪ್ಪನ ಕಡೆ ತಿರುಗಿದರು. "ಗುಳಿಗಿ ಯಾವಾಗ ತಗೊಂಡೀರಿ?"

"ಯಾದಗಿರ್ಯಾಗ ತಗೊಂಡ ತಾಸಿಗೆ ತೋರಿಸಿದ್ವಿರಿ. ಶಹಾಪುರದಾಗ ತಗೊಂಡು ಭಾಳ ಹೊತ್ತಾಗಿತ್ತು. ಇವತ್ತ ತಗೊಂಡೇ ಇಲ್ರಿ."

"ಯಾಕ?"

"ಗುಳಿಗಿ ಇಕಿ ಬ್ಯಾಗಿನಾಗ ಅದಾವ್ರಿ. ಇಕಿ ಬಸ್ಸಿನಾಗ ಕಂಡಕ್ಟರ್ ಜೋಡಿ ವಾದ ಮಾಡಾಕತ್ತಿದ್ಲು. ನಡುವ ಬಾಯಿ ಹಾಕೋದು ಚಲೋ ಅಲ್ಲಂತ ಸುಮ್ನಾದೆ."

ವಾದದ ವಿಷಯ: ಡಾಕ್ಟರುಗಳ ಬೇಜವಾಬ್ದಾರಿತನ.

ವೈದ್ಯೆ ಗುಳಿಗೆ ನುಂಗಿಸಿ ಅಪ್ಪನನ್ನು ಒಂದು ತಾಸು ಕೂರಿಸಿದರು. ಮತ್ತೆ ಬೆರಳು ಬಡಿಸಿದರು. ಒಂದು.

"ಅಂದ್ರ ನಿಮ್ಮೊಬ್ಬರೊಳಗೇ ಒಮ್ಮತ ಇಲ್ಲ," ಎಂದೆ. ಚಟ ಎಲ್ಲಿ ಬಿಡುತ್ತದೆ?

"ಒಬ್ಬ ಡಾಕ್ಟರ್ ಒಂದ್ ಅಂದ್ರ ಇನ್ನೊಬ್ಬರು ಎರಡ್ ಅಂತೀವಿ, ಅದು ಖರೇ ಅದವ್ವಾ. ಆದ್ರ ಒಂದಕ್ಕೂ ಮೂರಕ್ಕೂ ನಡುವ ನಿಂತಾಕಿ ನೀನು."

ಸ್ಪರ್ಧೆಯಾಗಿದ್ದರೆ ಸಮಯ ಮುಗಿಯಿತೆಂದು ಯಾರಾದರೂ ಗಂಟೆ ಬಾರಿಸಿ ಕಾಪಾಡುತ್ತಿದ್ದರು.

ಗುಳಿಗೆ ಕೆಲಸ ಮಾಡುವ ಹೊತ್ತಿನಲ್ಲಿ ಬಟ್ಟೆ ಕತ್ತರಿಸಲು ಅಡ್ಡಿಯಿಲ್ಲ ಎಂದು ಅವರು ಚೀಟಿ ಬರೆದುಕೊಟ್ಟರು. ಮನೆಗೆ ಬಂದಾಗ ಅವ್ವ ಚೀಟಿ ಓದಿಸಿಕೊಂಡು ಟ್ರಂಕು ತೆರೆದಳು. ಕತ್ತರಿ ಅಪ್ಪನ ಕೈಗೆ ಬಂತು; ಗುಳಿಗೆ ಡಬ್ಬಿ ನನ್ನ ಬ್ಯಾಗಿನಿಂದ ಅವ್ವನ ಸೆರಗಿಗೆ ಹೋಯಿತು.

"ಮತ್ತ ನಾ ಏನ್ ಮಾಡ್ಲಿ?"

"ನೀ ಸುಮ್ನ ಕುಂದ್ರು," ಎಂದಳು ಅವ್ವ.

"ಸುಮ್ನ ಕುಂದ್ರವ್ವಾ," ಎಂದ ಅಪ್ಪ.

ನನ್ನ ವಾದದ ಕಾಯಿಲೆಯ ತೀವ್ರತೆಯ ಬಗ್ಗೆ ಎರಡು ಮಾತೇ ಇರಲಿಲ್ಲ.