ಬೂಷ್ಟು ಹಿಡಿದ ಲೆನ್ಸು

ಎಲ್ಲ ಅನಾಹುತಕ್ಕೂ ಕಾರಣ ಲೆನ್ಸಿನೊಳಗೆ ಹಿಡಿದ ಬೂಷ್ಟು. ಕೋಣಂದೂರಿನಲ್ಲಿ ಸ್ಟುಡಿಯೋ ಇಟ್ಟಿದ್ದ ತೀರ್ಥೇಶ ಅದನ್ನು ಕಂಡಾಗಲೇ ಹೊಸ ಕ್ಯಾಮೆರಾ ಕೊಳ್ಳಬೇಕಿತ್ತು. ಕೊಳ್ಳಲು ಊರಿನವರು ಬಿಡಬೇಕಲ್ಲ! ಪಕ್ಕದ ಹೋಟೆಲಿನ ಮುಕುಂದಯ್ಯ, ಜನ್ಮದಲ್ಲಿ ಒಂದು ಫೋಟೋ ತೆಗೆದವರಲ್ಲ, "ಈಗ್ಲೇ ತಗೋಬೇಡ ಮಾರಾಯ, ದೀಪಾವಳಿಗೆ ಹೊಸ ಮಾಡೆಲ್ ಬರ್ತದೆ" ಎಂದರು. ದೀಪಾವಳಿಯಲ್ಲಿ ಯುಗಾದಿ ಎಂದರು. ಯುಗಾದಿಯಲ್ಲಿ, "ಇನ್ನೂ ತಗೊಂಡಿಲ್ವಾ? ನೀನು ಉದ್ಧಾರ ಆಗೋದು ಹೌದಾ?" ಎಂದು ಬೈದರು. ಗಿರಾಕಿಗಳು ಮಾತ್ರ ಫೋಟೋಗಳ ಬಗ್ಗೆ ಒಂದು ದಿನವೂ ದೂರಿರಲಿಲ್ಲ.

ಎದುರಿನ ಸ್ಟುಡಿಯೋದ ಪೂರ್ಣೇಶನದು ಬೇರೆಯೇ ಕಾಟ. "ಆ ಡಬ್ಬಾ ಇಟ್ಕೊಂಡು ಯಾಕೆ ಸಾಯ್ತೀಯ? ನಂಗೆ ಕೊಟ್ಟು ನೀ ಹೊಸ ಸೆಟ್ ತಗೊ."

ರೋಸಿಹೋದ ತೀರ್ಥೇಶ ಹಳೆಯದೆಲ್ಲವನ್ನೂ ಅವನ ಕೊರಳಿಗೆ ಕಟ್ಟಿ, ಶಿವಮೊಗ್ಗದಿಂದ ಕಂತಿನ ಮೇಲೆ ಹೊಸ ಸೆಟ್ ತಂದ.

ಅದರ ಮೊದಲ ಕೆಲಸ, ತೀರ್ಥಹಳ್ಳಿಯಲ್ಲಿ ದೀಪಶ್ರೀ ಎಂಬ ಹುಡುಗಿಯ ನಿಶ್ಚಿತಾರ್ಥ. ಫೋಟೋ ಮೆಚ್ಚಿದರೆ ಮುಂದಿನ ತಿಂಗಳ ಮದುವೆಯೂ ಇವನಿಗೇ. ವೀಳ್ಯ ಬದಲಾಯಿಸಿದ್ದೇ ತಡ, ಹುಡುಗಿಯ ದೊಡ್ಡಮ್ಮ ದುಗ್ಗಮ್ಮ ಕ್ಯಾಮೆರಾದೊಳಗೆ ಇಣುಕಿದರು.

"ಯಾರೋ ಈ ಮುದುಕಿ?"

"ನೀವೇ, ದೊಡ್ಡಮ್ಮ."

ಅಲ್ಲಿಗೆ ಮುಗಿಯಿತು. "ನನ್ನ ಮುಖ ಹಿಂಗಿದ್ಯಾ? ಸುಟ್ಟ ಹಪ್ಪಳದಂಗೆ ಮಾಡಿಟ್ಟಿದೀಯಲ್ಲ!" ಎಂದು ಅವರು ಕೂಗಿದ್ದು ಅಡುಗೆಯವರಿಗೂ ಕೇಳಿಸಿತು. ಗಂಡಿನ ಅಪ್ಪ ತಲೆಗೆ ಹಚ್ಚಿದ ಬಣ್ಣ ಕಿವಿಗೂ ಬಳಿದುಕೊಂಡದ್ದು ಸ್ಪಷ್ಟವಾಗಿ ಬಂದಿತ್ತು. ದೀಪಶ್ರೀ ತನ್ನ ಮೊಡವೆಗಳನ್ನು ದೊಡ್ಡದು ಮಾಡಿ ನೋಡಿ ಕೆಂಡವಾದಳು.

"ತೀರ್ಥೇಶಣ್ಣ, ನಿಮ್ಮ ಫೋಟೋದಲ್ಲಿ ತೆಳ್ಳಗೆ ಮಂಜು ಇರ್ತಿತ್ತಲ್ಲ? ಮುಖ ನುಣ್ಣಗೆ ಹೊಳೀತಿತ್ತಲ್ಲ? ಅದನ್ನ ನೋಡೇ ನಿಮಗೆ ಹೇಳಿದ್ದು! ಆ ಲೆನ್ಸ್ ಎಲ್ಲಿ?"

ತೀರ್ಥೇಶ ಮೆಲ್ಲನೆ ಕ್ಯಾಮೆರಾ ವಾಪಸ್ ತೆಗೆದುಕೊಂಡ. ಅದು ಮಂಜಲ್ಲ ತಾಯೀ, ಬೂಷ್ಟು! ಹೇಳುವುದು ಹೇಗೆ?

"ಎಡಿಟಿಂಗಲ್ಲಿ ಮಂಜು ಹಾಕ್ಕೊಡ್ತೀನಮ್ಮ."

"ಡುಪ್ಲಿಕೇಟ್ ಬೇಡ. ಆ ಲೆನ್ಸ್ ಇದ್ರೆ ಮದುವೆಗೆ ಬನ್ನಿ, ಇಲ್ಲಾಂದ್ರೆ ಬರಬೇಡಿ."

ಕೋಣಂದೂರಿನವರೆಗೂ ಬೈಕಿನ ಮೇಲೆ ಅವನು ಬೈಯುತ್ತಲೇ ಬಂದ. ಕಳ್ಳ ಪೂರ್ಣೇಶ! ಗುಟ್ಟು ತಿಳಿದೇ ಹೊಡೆದುಕೊಂಡಿದ್ದಾನೆ! ನೇರ ಅಂಗಡಿಗೆ ನುಗ್ಗಿ ಕಾಲರ್ ಹಿಡಿದ.

"ನನ್ನ ಲೆನ್ಸ್ ವಾಪಸ್ ಕೊಡೋ ಬೇವರ್ಸಿ!"

"ತಗೊ ಮಾರಾಯ, ಅದಕ್ಕೆ ಯಾಕಿಷ್ಟು ಸಿಟ್ಟು?" ಪೂರ್ಣೇಶ ಕಾಲರ್ ಬಿಡಿಸಿಕೊಂಡು ಕಪಾಟಿನಿಂದ ಲೆನ್ಸ್ ತೆಗೆದ. ಅವನ ಮುಖದ ತುಂಬ ಹೆಮ್ಮೆ. "ಇವತ್ತೇ ಶಿವಮೊಗ್ಗದಿಂದ ಬಂತು. ಪೂರ್ತಿ ಬಿಚ್ಚಿ ತೊಳೆಸಿದೀನಿ. ಒಂದು ಚೂರು ಬೂಷ್ಟಿಲ್ಲ, ನೋಡು!"

ಲೆನ್ಸು ಫಳಫಳ ಹೊಳೆಯುತ್ತಿತ್ತು. ಬಾಗಿಲಲ್ಲಿ ಇಣುಕಿದ ಮುಕುಂದಯ್ಯ, "ತೊಳೆಸಿದ್ರೆ ಸಾಕಿತ್ತಲ್ಲೋ, ಹೊಸದು ಯಾಕೆ ತಗೊಂಡೆ?" ಎಂದರು. ತೀರ್ಥೇಶ ಹಲ್ಲು ಕಡಿದ.

ಮನೆಗೆ ಹೋದವನು ಕಂತಿನ ಹೊಸ ಲೆನ್ಸನ್ನು ಬಚ್ಚಲಿನ ಒದ್ದೆ ಗೂಡಿನಲ್ಲಿಟ್ಟು ಬಾಗಿಲು ಹಾಕಿದ. ಆಮೇಲೆ ಅಂಗಳಕ್ಕೆ ಬಂದು, ಉರಿಯುತ್ತಿದ್ದ ಏಪ್ರಿಲ್ ಬಿಸಿಲಿಗೆ ಬಾಯಿಗೆ ಬಂದಂತೆ ಬೈದ. ಮದುವೆ ಮೇ ತಿಂಗಳಲ್ಲಿತ್ತು. ಮಳೆ ಹಿಡಿಯುವುದು ಜೂನಿಗೆ.