ಮಂಗಳೂರಿಗೆ ಹೋಗದ ಫೈಲು

ತೆರಿಗೆ ಕೆಲಸ ಮಾಡುವವನ ಆಫೀಸಿನಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಕೇಳುವವರು ನನ್ನ ಆಫೀಸಿಗೆ ಬಂದವರಲ್ಲ. ಬಂಟ್ವಾಳದ ಬಿ.ಸಿ. ರೋಡಿನ ಚಪ್ಪಲಿ ಅಂಗಡಿಯ ಮಾಳಿಗೆಯಲ್ಲಿ ಒಂದು ಕೋಣೆ, ಒಂದು ಕಂಪ್ಯೂಟರ್, ಒಂದು ಟೆಲಿಫೋನ್ ಲೈನು. ಅಷ್ಟರಲ್ಲೇ ಪ್ರಸಂಗಗಳಿಗೆ ಬರ ಬರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಇನ್ನು ಲೆಕ್ಕವನ್ನು ಕಾಗದದಲ್ಲಿ ಕೊಟ್ಟರೆ ಆಗದು, ಕಂಪ್ಯೂಟರ್ ಫೈಲು ಮಾಡಿ ಇಂಟರ್ನೆಟ್ಟಿನಲ್ಲಿ ಇಲಾಖೆಯ ಪೋರ್ಟಲ್‌ಗೆ ಏರಿಸಬೇಕು ಎಂದು ಒಬ್ಬೊಬ್ಬರಿಗೇ ಆದೇಶ ಬರತೊಡಗಿತು. ಅದೆಲ್ಲ ಮಂಗಳೂರಿನಲ್ಲಿ ಆಗುವ ಕೆಲಸ ಎಂದು ಊರಿಗೆ ಊರೇ ತೀರ್ಮಾನಿಸಿತು. ನನಗೆ ಅದು ತಡೆಯಲಾಗಲಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯವರ ಫೈಲು ಬಂಟ್ವಾಳದಿಂದಲೇ ಏರಬೇಕು ಎಂದು ಹಠ ಹಿಡಿದೆ. ಹಠ ಹಿಡಿಯುವುದೇನೋ ಸುಲಭ. ಆದರೆ ಒಬ್ಬ ದೊಡ್ಡ ಗಿರಾಕಿ ಮಂಗಳೂರಿನ ಬಸ್ಸು ಹತ್ತಿದರೆ ಉಳಿದವರೂ ಹಿಂದೆಯೇ ಹತ್ತುವವರು. ಆಮೇಲೆ ನಾನು ಕೆಳಗಿನ ಚಪ್ಪಲಿ ಅಂಗಡಿಯಲ್ಲೇ ಕೆಲಸ ಕೇಳಬೇಕಾಗುತ್ತಿತ್ತು.

ಬಸ್ಸಿನಲ್ಲಿ ಬಂದ ಫ್ಲಾಪಿ

ಆ ದೊಡ್ಡ ಗಿರಾಕಿ ಎಂದರೆ ಮೂಡುಬಿದಿರೆಯ ಒಂದು ಅಡಿಕೆ ಅಂಗಡಿ. ಅದಕ್ಕೆ ಇಬ್ಬರು ಪಾಲುದಾರರು, ಒಬ್ಬರು ಹಾಜಿಯವರು, ಇನ್ನೊಬ್ಬರು ಭಟ್ಟರು. ಹಾಜಿಯವರ ಮಗ ಗಲ್ಫಿನಿಂದ ತಂದುಕೊಟ್ಟ ಕಂಪ್ಯೂಟರಿನಲ್ಲಿ ಲೆಕ್ಕ ಬರೆಸಿ, ಫ್ಲಾಪಿಗೆ ಹಾಕಿ, ಸಿದ್ದಕಟ್ಟೆ ಮಾರ್ಗವಾಗಿ ಬರುವ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದರು. ನಮ್ಮ ಕಡೆ ಮದ್ದು, ಮಲ್ಲಿಗೆ, ಮದುವೆ ಕಾಗದ ಎಲ್ಲವೂ ಬರುವುದು ಕಂಡಕ್ಟರ್ ಕೈಯಲ್ಲೇ.

ಫ್ಲಾಪಿ ಬಂತು. ಒಳಗೆ ಏನೂ ಇರಲಿಲ್ಲ. ಇನ್ನೊಂದು ಕಳಿಸಿದರು, ಅದೂ ಖಾಲಿ. "ಇಲ್ಲಿಂದ ಹೊರಡುವಾಗ ಎಲ್ಲ ಉಂಟು, ನಿಮ್ಮಲ್ಲಿಗೆ ಬಂದ ಮೇಲೆ ಇಲ್ಲ ಅಂದ್ರೆ ಏನರ್ಥ?" ಎಂದು ಭಟ್ಟರು ಫೋನಿನಲ್ಲಿ ಕೇಳಿದ ಧಾಟಿ ಚೆನ್ನಾಗಿರಲಿಲ್ಲ. ಕಳ್ಳನಾದಂತೆ ಅನ್ನಿಸಿ ನಾನೇ ಮೂಡುಬಿದಿರೆಗೆ ಹೋದೆ. ಅದೇ ಬಸ್ಸಿನಲ್ಲಿ ಫ್ಲಾಪಿಯ ಜೊತೆಗೇ ವಾಪಸು ಹೊರಟೆ. ಕಂಡಕ್ಟರ್ ಬಹಳ ಭಕ್ತಿಯಿಂದ ಅದನ್ನು ಡ್ರೈವರ್ ಹಿಂದಿನ ದೊಡ್ಡ ಸ್ಪೀಕರಿನ ಬೆನ್ನಿಗೆ ಸಿಕ್ಕಿಸಿದ. ಸ್ಪೀಕರಿನಲ್ಲಿ ತುಳು ಹಾಡು ಗುಡುಗುತ್ತಿತ್ತು.

"ಇಲ್ಲಿ ಯಾಕೆ ಇಟ್ಟದ್ದು ಮಾರಾಯ?" ಎಂದೆ.

"ಬಸ್ಸಿನಲ್ಲಿ ಇದಕ್ಕಿಂತ ಭದ್ರವಾದ ಜಾಗ ಇಲ್ಲ. ಇಲ್ಲಿಗೆ ಯಾರೂ ಕೈ ಹಾಕುವುದಿಲ್ಲ. ಬೆಲೆಬಾಳುವುದನ್ನೆಲ್ಲ ನಾನು ಇಲ್ಲೇ ಇಡುವುದು."

ಸ್ಪೀಕರಿನೊಳಗೆ ಅಯಸ್ಕಾಂತ ಉಂಟು, ಅದು ಫ್ಲಾಪಿಯಲ್ಲಿ ಬರೆದದ್ದನ್ನೆಲ್ಲ ಅಳಿಸಿಹಾಕುತ್ತದೆ ಎಂದು ವಿವರಿಸಿದೆ. ಕಂಡಕ್ಟರ್ ಮುಖ ಸಣ್ಣದಾಯಿತು. ಮುಂದಿನ ಸ್ಟಾಪಿನಲ್ಲಿ ಹತ್ತಿದವರಿಗೆ ಟಿಕೆಟು ಕೊಟ್ಟ. ಮತ್ತೆ ಹತ್ತಿರ ಬಂದು ಮೆಲ್ಲಗೆ ಹೇಳಿದ, "ಕಳೆದ ತಿಂಗಳು ಒಂದು ಹುಡುಗಿಯ ಜಾತಕವನ್ನೂ ಇಲ್ಲೇ ಇಟ್ಟಿದ್ದೆ. ಆ ಸಂಬಂಧ ಯಾಕೆ ತಪ್ಪಿಹೋಯ್ತು ಅಂತ ಈಗ ಗೊತ್ತಾಯ್ತು."

ರಸ್ತೆ ಇಲ್ಲದ ಊರಿನ ಮುಖ್ಯ ರಸ್ತೆ

ಬೆಳ್ತಂಗಡಿಯಿಂದಲೂ ಮೇಲೆ, ಘಟ್ಟದ ಬುಡದ ಹಳ್ಳಿಯೊಂದರ ರಬ್ಬರ್ ಬೆಳೆಗಾರರ ಸಂಘದ ಅಧ್ಯಕ್ಷರು ಬಂದರು. ಸಂಘದ ಫೈಲು ತಯಾರಿಸುವಾಗ ವಿಳಾಸದ ಸಾಲಿಗೆ ಬಂದೆವು. ರಸ್ತೆಯ ಹೆಸರು ಬರೆಯುವ ಜಾಗವನ್ನು ಖಾಲಿ ಬಿಟ್ಟರೆ ಕಂಪ್ಯೂಟರ್ ಕೆಂಪು ಅಕ್ಷರ ತೋರಿಸಿ ಮುಂದೆ ಹೋಗಲು ಬಿಡುವುದಿಲ್ಲ.

"ನಿಮ್ಮ ರಸ್ತೆಯ ಹೆಸರು?" ಎಂದೆ.

"ರಸ್ತೆ ಇಲ್ಲ. ತೋಡಿನ ನೀರು ದಾಟಿ ಗುಡ್ಡ ಹತ್ತುವುದು."

"ಏನಾದರೂ ಬರೆಯಲೇಬೇಕು."

ಅಧ್ಯಕ್ಷರು ಬಹಳ ಯೋಚಿಸಿದರು. "ಹಾಗಾದ್ರೆ ಮುಖ್ಯ ರಸ್ತೆ ಅಂತ ಬರೆಯಿರಿ. ನಮ್ಮಲ್ಲಿ ಇರುವುದು ಆ ಒಂದು ಕಾಲುದಾರಿ. ಬೇರೆ ಯಾವುದೂ ಇಲ್ಲದ ಮೇಲೆ ಮುಖ್ಯವಾದದ್ದು ಅದೇ ತಾನೆ?"

ತರ್ಕದಲ್ಲಿ ತಪ್ಪಿರಲಿಲ್ಲ. ಬರೆದೆ, ಫೈಲು ಏರಿತು, ವಿಳಾಸ ಸಮೇತ ರಶೀದಿ ಬಂತು. ಅಧ್ಯಕ್ಷರು ಆ ರಶೀದಿಯನ್ನು ಮನೆಗೆ ಒಯ್ಯಲಿಲ್ಲ, ನೇರ ಗ್ರಾಮಸಭೆಗೆ ಒಯ್ದರು. ದಿಲ್ಲಿಯ ಕಂಪ್ಯೂಟರಿನಲ್ಲಿ ನಮ್ಮೂರಿಗೆ ಮುಖ್ಯ ರಸ್ತೆ ಉಂಟು, ಊರಿನಲ್ಲಿ ಮಾತ್ರ ಇಲ್ಲ, ನಡುವೆ ಅದು ಎಲ್ಲಿ ಹೋಯಿತು ಎಂದು ಎದ್ದುನಿಂತು ಕೇಳಿದರು. ಸಭೆಯಲ್ಲಿ ಗಲಾಟೆಯೋ ಗಲಾಟೆ. ಮಳೆಗಾಲ ಮುಗಿದ ಮೇಲೆ ಆ ಕಾಲುದಾರಿಗೆ ಜಲ್ಲಿ ಬಿತ್ತು, ಜೀಪು ಹೋಗುವಷ್ಟು ಅಗಲವೂ ಆಯಿತು. ಫೈಲು ಏರಿಸಿ ರಸ್ತೆ ಮಾಡಿಸಿದವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ.

ಆಮೇಲೊಂದು ದಿನ ಆ ಹಳ್ಳಿಯ ಪಂಚಾಯತಿನವರೊಬ್ಬರು ಮೆಟ್ಟಿಲು ಹತ್ತಿ ಬಂದು ಕೈಮುಗಿದರು. "ನೀವು ರಸ್ತೆ ಕೊಟ್ಟದ್ದು ಕೊಟ್ಟಾಯ್ತು. ದಮ್ಮಯ್ಯ, ತೋಡಿಗೆ ಸೇತುವೆ ಮಾತ್ರ ಬರೆಯಬೇಡಿ. ನಮ್ಮಲ್ಲಿ ಫಂಡ್ ಇಲ್ಲ."

ಅರ್ಧ ನಿಮ್ಮದು, ಅರ್ಧ ನಮ್ಮದು

ಪೋರ್ಟಲ್ ತೆರೆಯಲು ಪಾಸ್‌ವರ್ಡ್ ಬೇಕು ಎಂದಾಗ ಹಾಜಿಯವರೂ ಭಟ್ಟರೂ ಮುಖ ಮುಖ ನೋಡಿಕೊಂಡರು. ಅವರ ಅಂಗಡಿಯ ಕಬ್ಬಿಣದ ಪೆಟ್ಟಿಗೆಗೆ ಎರಡು ಬೀಗ, ಒಂದೊಂದು ಕೀಲಿಕೈ ಒಬ್ಬೊಬ್ಬರಲ್ಲಿ. ಅವರ ತಂದೆಯಂದಿರ ಕಾಲದಿಂದ ಹಾಗೇ. ಪಾಸ್‌ವರ್ಡೂ ಹಾಗೇ ಇರಲಿ ಎಂದರು.

"ಮೊದಲ ಅರ್ಧ ನಾನು ಹಾಕ್ತೇನೆ, ಉಳಿದದ್ದು ಭಟ್ಟರು ಹಾಕಲಿ" ಎಂದರು ಹಾಜಿಯವರು. ಹಾಗೆಯೇ ಆಯಿತು. ಒಬ್ಬರು ಒತ್ತುವಾಗ ಇನ್ನೊಬ್ಬರೂ ನಾನೂ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದೆವು.

ಮುಂದಿನ ಸಲ ಬಂದಾಗ ಪೋರ್ಟಲ್ ತೆರೆಯಲಿಲ್ಲ. ಮತ್ತೆ ಒತ್ತಿದರು, ತೆರೆಯಲಿಲ್ಲ. "ನನ್ನ ಅರ್ಧ ಸರಿ ಉಂಟು" ಎಂದರು ಭಟ್ಟರು. "ನನ್ನದೂ ಸರಿ ಉಂಟು" ಎಂದರು ಹಾಜಿಯವರು. ಮೂರನೆಯ ಸಲಕ್ಕೆ ಪೋರ್ಟಲ್ ಮುನಿಸಿಕೊಂಡು, ಇವತ್ತಿಗೆ ಸಾಕು ನಾಳೆ ಬನ್ನಿ ಎಂದು ಬಾಗಿಲು ಹಾಕಿತು. ಆಗ ನನಗೆ ಹೊಳೆಯಿತು. "ಮೊದಲು ಒತ್ತಿದ್ದು ಯಾರು?"

"ಕಳೆದ ಸಲ ನಾನು ಮೊದಲು ಒತ್ತಿದ್ದೆ. ಯಾವಾಗಲೂ ನಾನೇ ಮುಂದೆ ಹೋದರೆ ಚೆಂದವಾ? ಈ ಸಲ ನೀವು ಒತ್ತಿ ಅಂತ ಭಟ್ಟರಿಗೆ ಬಿಟ್ಟುಕೊಟ್ಟೆ" ಎಂದರು ಹಾಜಿಯವರು.

"ಹಾಜಿಯವರೇ, ಕಂಪ್ಯೂಟರ್ ಹತ್ತಿರ ಈ ಮರ್ಯಾದೆಯೆಲ್ಲ ನಡೆಯುವುದಿಲ್ಲ."

"ಕಂಪ್ಯೂಟರಿಗೆ ಯಾರು ಮರ್ಯಾದೆ ಕೊಟ್ಟರು? ನಾನು ಕೊಟ್ಟದ್ದು ಭಟ್ಟರಿಗೆ."

ಆ ಶುಕ್ರವಾರ

ಕೊನೆಗೆ ಪರೀಕ್ಷೆಯ ದಿನ ಬಂತು. ಅಂಗಡಿಯ ವರ್ಷದ ಲೆಕ್ಕ ಏರಿಸಲು ಕಡೆಯ ದಿನ, ಅದು ಶುಕ್ರವಾರ. ಮಂಗಳೂರಿನಲ್ಲಿ ಆಡಿಟರ್ ಆಗಿದ್ದ ಭಟ್ಟರ ಅಳಿಯ ಮೊದಲಿನಿಂದಲೂ ಮಾವನ ಕಿವಿ ಕಚ್ಚುತ್ತಿದ್ದರು. ಭಟ್ಟರು ಮೆಟ್ಟಿಲು ಹತ್ತಿ ಬಂದವರೇ ಮುಚ್ಚುಮರೆ ಇಲ್ಲದೆ ಹೇಳಿದರು, "ಇವತ್ತು ಇಲ್ಲಿ ಆಗದಿದ್ರೆ ಮುಂದಿನ ವರ್ಷದಿಂದ ಲೆಕ್ಕ ಅಳಿಯನಲ್ಲಿಗೆ ಅಂತ ಮಾತಾಗಿದೆ. ಬೇಸರ ಮಾಡಬೇಡಿ." ನಾನು ಬೇಸರ ಮಾಡಲಿಲ್ಲ, ಕೆಳಗಿನ ಚಪ್ಪಲಿ ಅಂಗಡಿಯ ನೆನಪಾಯಿತು ಅಷ್ಟೆ.

ಫೈಲನ್ನು ಹಿಂದಿನ ದಿನವೇ ತಯಾರಿಸಿ ಪರೀಕ್ಷಿಸಿ ಇಟ್ಟಿದ್ದೆ. ಇಬ್ಬರೂ ಬಂದು ಕೂತಾಗ ಹತ್ತೂವರೆ. ಭಟ್ಟರು ಗೋಡೆಯ ಕ್ಯಾಲೆಂಡರ್ ನೋಡಿ ಕೈ ಹಿಂದೆಳೆದರು. "ರಾಹುಕಾಲ ಶುರುವಾಯ್ತು. ಹನ್ನೆರಡರ ಮೇಲೆ ಒತ್ತುವ." ಹನ್ನೆರಡಕ್ಕೆ ಹಾಜಿಯವರು ಟೊಪ್ಪಿ ಸರಿಮಾಡಿ ಎದ್ದರು. "ಇನ್ನು ಜುಮ್ಮಾ ಮುಗಿಸಿ ಬಂದು ಒತ್ತುವ." ಒಬ್ಬರ ಅರ್ಧದಿಂದ ಬಾಗಿಲು ತೆರೆಯುವುದಿಲ್ಲ. ಎರಡು ಗಂಟೆಗೆ ಕರೆಂಟು ಹೋಗುವ ಸರದಿ, ಹೋದರೆ ಸಂಜೆಯವರೆಗೆ ಇಲ್ಲ. ನನ್ನ ಬ್ಯಾಟರಿ ಯಾವತ್ತೋ ಕೈಕೊಟ್ಟಿತ್ತು.

ನಡುವೆ ಅಳಿಯನ ಫೋನು. "ಮಾವ, ನಮ್ಮ ಆಫೀಸಿನಲ್ಲಿ ನಾಲ್ಕು ಕಂಪ್ಯೂಟರಿನಲ್ಲಿ ಬೆಳಿಗ್ಗೆಯಿಂದ ಒತ್ತುತ್ತಾ ಇದ್ದೇವೆ, ಪೋರ್ಟಲ್ ತೆರೆಯುವುದೇ ಇಲ್ಲ. ಬಂಟ್ವಾಳದಲ್ಲಿ ಏನಾಗ್ತದೆ?" ಭಟ್ಟರು ನನ್ನ ಮುಖ ನೋಡಿದರು. ನಾನು ಕಿಟಕಿಯಿಂದ ಮಸೀದಿಯ ದಾರಿ ನೋಡಿದೆ.

ನಮಾಜು ಮುಗಿದು ಜನ ಹೊರಗೆ ಬಂದರು. ಹಾಜಿಯವರೂ ಬಂದರು. ಆದರೆ ಮೂಡುಬಿದಿರೆಯ ದೊಡ್ಡ ವ್ಯಾಪಾರಿ ಬಂಟ್ವಾಳಕ್ಕೆ ಬಂದರೆ ಮಾತಾಡಿಸದೆ ಬಿಡುವವರುಂಟೇ? ಒಬ್ಬೊಬ್ಬರಿಗೂ ಕೈಕೊಟ್ಟು, ಮಕ್ಕಳ ಸಮಾಚಾರ ಕೇಳಿ, ಅಡಿಕೆ ರೇಟು ಹೇಳಿ ಅವರು ರಸ್ತೆ ದಾಟುವಷ್ಟರಲ್ಲಿ ನನ್ನ ಅರ್ಧ ಆಯುಷ್ಯ ಕಳೆದಿತ್ತು. ಎರಡಕ್ಕೆ ಇನ್ನು ಸ್ವಲ್ಪವೇ ಇತ್ತು. ಹಾಜಿಯವರು ಅವರ ಅರ್ಧ ಒತ್ತಿದರು, ಭಟ್ಟರು ಅವರ ಅರ್ಧ ಒತ್ತಿದರು, ನಾನು ಗೋಡೆಯಿಂದ ತಿರುಗಿ ಫೈಲು ಏರಿಸುವ ಗುಂಡಿ ಒತ್ತಿದೆ. ಒಂದೇ ಏಟಿಗೆ ಏರಿತು. ರಶೀದಿ ಪ್ರಿಂಟರಿನಿಂದ ಅರ್ಧ ಹೊರಗೆ ಬಂದಾಗ ಕರೆಂಟು ಹೋಯಿತು. ಹೊರಗೆ ಬಂದ ಅರ್ಧದಲ್ಲೇ ನಂಬರು ಇತ್ತು. ಹಾಜಿಯವರು ಎದುರಿನ ಹೋಟೆಲಿನಿಂದ ಬಿಸಿ ಗೋಳಿಬಜೆ ತರಿಸಿದರು.

ಇಡೀ ದೇಶ ಊಟಕ್ಕೆ ಎದ್ದ ಹೊತ್ತು ಅದು, ಪೋರ್ಟಲ್ ಖಾಲಿ ಇತ್ತು ಎಂದು ನನ್ನ ಲೆಕ್ಕ. ಭಟ್ಟರು ಅದನ್ನು ಇವತ್ತಿಗೂ ಒಪ್ಪುವುದಿಲ್ಲ. ಅಳಿಯನಿಗೆ ಫೋನ್ ಮಾಡಿ, "ನಮ್ಮದು ಆಯ್ತು. ರಾಹುಕಾಲ ಕಳೆದು, ಜುಮ್ಮಾ ಮುಗಿಸಿ ಒತ್ತಿದ್ದು" ಎಂದರು. ಆ ಕಡೆ ಅಳಿಯ ಜೋರಾಗಿ ನಕ್ಕದ್ದು ನನಗೂ ಕೇಳಿಸಿತು. ಅಂಗಡಿಯ ಲೆಕ್ಕ ಬಂಟ್ವಾಳದಲ್ಲೇ ಉಳಿಯಿತು.

ಮರುವರ್ಷ ಕಡೆಯ ದಿನ ಬೆಳಿಗ್ಗೆ ನನ್ನ ಫೋನು ಹೊಡೆದುಕೊಂಡಿತು. ಅದೇ ಅಳಿಯ. ಈ ಸಲ ನಗು ಇರಲಿಲ್ಲ, ಸ್ವರ ತಗ್ಗಿಸಿ ಮಾತಾಡಿದರು.

"ಇಲ್ಲಿ ಒಂದು ಫೈಲೂ ಏರುತ್ತಿಲ್ಲ. ನಿಮ್ಮಲ್ಲಿ ಇವತ್ತು ಒತ್ತುವುದು ಎಷ್ಟು ಗಂಟೆಗೆ?"

ಹೇಳಿದೆ. ಆ ಕಡೆ ಬರೆದುಕೊಂಡರು. ಮತ್ತೆ ಕೇಳಿದರು, "ರಾಹುಕಾಲ ನೋಡಲು ಮಾವನನ್ನು ಕರೆಸಿಕೊಳ್ತೇನೆ. ನಮಾಜಿಗೆ ಹಾಜಿಯವರನ್ನು ಒಂದು ದಿನದ ಮಟ್ಟಿಗೆ ಮಂಗಳೂರಿಗೆ ಕಳಿಸ್ತೀರಾ?"

"ಕೇಳಿ ನೋಡ್ತೇನೆ" ಎಂದೆ. "ಆದರೆ ಅವರು ಬರುವುದು ಅನುಮಾನ. ಅಂಥ ದೊಡ್ಡ ಕೆಲಸಕ್ಕೆಲ್ಲ ಅವರಿಗೆ ಬಂಟ್ವಾಳವೇ ಆಗಬೇಕು. ಅವಸರ ಇದ್ರೆ ನೀವೇ ಫೈಲು ತೆಗೆದುಕೊಂಡು ಬಸ್ಸು ಹತ್ತಿ. ಸ್ಪೀಕರ್ ಹತ್ತಿರ ಮಾತ್ರ ಕೂರಬೇಡಿ."