ಟಾಪಿಲ್ಲದ ಡಾಡ್ಜ್

"ಸಂಜೆ ಚಪ್ಪರ ಹಾಕೋರು ಬರ್ತಾರೆ. ಅಷ್ಟರೊಳಗೆ ನಿಮ್ಮ ಹಡಗು ಅಂಗಳ ಬಿಡಬೇಕು," ಎಂದು ವಿಶಾಲಮ್ಮ ಕಾಫಿ ಲೋಟ ಕುಕ್ಕಿದಾಗಲೇ ಗಂಡ ನಾಗಭೂಷಣ್‌ಗೆ ಬೆವರಿಳಿಯಿತು. ಮಗಳು ಧೃತಿಯ ಮದುವೆ ಹತ್ತಿರ ಬಂದಿತ್ತು. ಎನ್.ಆರ್. ಕಾಲೋನಿಯ ಆ ಅಂಗಳದ ತುಂಬ, ಹಬ್ಬಕ್ಕೆ ಬಂದ ಬೀಗರ ಹಾಗೆ ಕಾಲು ಚಾಚಿ ಮಲಗಿತ್ತು ಅಮೆರಿಕದ ಹಳೇ ಡಾಡ್ಜ್. ಟಾಪು ಮಡಚಿ ಹಿಂದಕ್ಕಿಡುವ ಕಾರು. ತುಕ್ಕಿನ ಮುದ್ದೆಯಾಗಿದ್ದುದನ್ನು ತಂದು, ವರ್ಷಗಟ್ಟಲೆ ಉಜ್ಜಿ ಫಳಫಳ ಮಾಡಿದ್ದರು.

ಕೊಳ್ಳಲು ಬಂದವರು ಚಾಮರಾಜಪೇಟೆಯ ಪರಮಶಿವಯ್ಯ. ಮಾತು ಕಡಿಮೆ, ಮೀಸೆ ಜಾಸ್ತಿ. "ಒಂದು ರೌಂಡ್ ಹೋಗೋಣ," ಎಂದರು.

ಗಾಂಧಿ ಬಜಾರಿನಲ್ಲಿ ಟ್ರಾಫಿಕ್ ನಿಂತಿತು. ಪಕ್ಕದ ಮನೆ ಸುಂದರಮ್ಮ ಬಾಳೆಎಲೆ ಕಟ್ಟಿನ ಸಮೇತ ಬಂದು ಹಿಂದಿನ ಸೀಟಿನಲ್ಲಿ ಕೂತರು. ಬೀದಿಯವರಿಗೆಲ್ಲ ಅದು ಅಭ್ಯಾಸ. ಟಾಪಿಲ್ಲದ ಕಾರಿಗೆ ಕೇಳಿ ಹತ್ತುವುದೇನು?

"ಅಮ್ಮಾ, ಇವತ್ತೊಂದಿನ ಬೇಡ..." ಎಂದರು ನಾಗಭೂಷಣ್.

"ನಿನ್ನ ತೊಡೆ ಮೇಲೇನೂ ಕೂತಿಲ್ವಲ್ಲಪ್ಪ. ನಡಿ ನಡಿ."

ಮುಂದಿನ ತಿರುವಿನಲ್ಲಿ ರಿಟೈರಾದ ಮೇಷ್ಟ್ರು ರಾಮಾನುಜ ಹತ್ತಿದರು. ಹತ್ತಿದವರೇ ಪರಮಶಿವಯ್ಯನವರ ಭುಜ ತಟ್ಟಿ, "ನೀವೂ ಡ್ರಾಪ್ ತಗೊಂಡ್ರಾ? ಏರಲ್ಲಿ ಇಳಿದು ತಳ್ಳಬೇಕಾಗುತ್ತೆ, ಪಂಚೆ ಎತ್ತಿ ಕಟ್ಕೊಂಡಿರಿ," ಎಂದರು.

ಸ್ಟೀರಿಂಗ್ ಹಿಡಿದಿದ್ದ ನಾಗಭೂಷಣ್ ಕೇಳಿಸದವರ ಹಾಗೆ ಹಾರ್ನ್ ಒತ್ತಿದರು. ಪರಮಶಿವಯ್ಯ ಮೀಸೆ ಮುಟ್ಟಿಕೊಂಡರು. ಬುಲ್ ಟೆಂಪಲ್ ರಸ್ತೆಯ ಏರು ಬಂತು. ಇಂಜಿನ್ ಕೆಮ್ಮಿತು, ಗೂರಲು ಎಳೆಯಿತು. ಹಿಂದೆ ಬಸ್ಸು ಬೊಬ್ಬೆ ಹಾಕಿತು.

"ಇಳೀಲಾ?" ಎಂದರು ರಾಮಾನುಜ.

"ಕೂತ್ಕೊಳಿ ಮೇಷ್ಟ್ರೇ," ಎಂದು ಹಲ್ಲು ಕಚ್ಚಿದ ನಾಗಭೂಷಣ್, ಮನಸ್ಸಿನಲ್ಲೇ ದೊಡ್ಡ ಗಣಪತಿಗೆ ಬೆಣ್ಣೆ ಅಲಂಕಾರ ಹರಸಿಕೊಂಡರು. ತುಂಬಿದ ಬಸುರಿಯ ಹಾಗೆ ಏದುಸಿರು ಬಿಡುತ್ತ ಕಾರು ಏರು ಹತ್ತಿತು.

ಅಂಗಳಕ್ಕೆ ವಾಪಸ್ ಬಂದು ನಿಂತ ಮೇಲೆ ಪರಮಶಿವಯ್ಯ ಬಾಯಿಬಿಟ್ಟರು. "ಇಷ್ಟು ಜನಾನ ಹೊತ್ಕೊಂಡು ಹತ್ತಿತಲ್ಲ. ತಗೊಂಡೆ."

ದುಡ್ಡು ಬಂತು, ಸಹಿ ಆಯಿತು. ನಾಗಭೂಷಣ್ ಓಡಿಹೋಗಿ ಗೇಟು ಪೂರ್ತಿ ತೆರೆದರು. "ಹೊರಡಿ ಸಾರ್, ಗಳಿಗೆ ಚೆನ್ನಾಗಿದೆ."

ಪರಮಶಿವಯ್ಯ ಕೀ ಜೇಬಿಗಿಳಿಸಿ ಆಟೋ ಕರೆದರು.

"ಕಾರು ಸಾರ್?"

"ಎಲ್ಲಿಗೆ ಒಯ್ಯಲಿ? ನಮ್ಮ ಗಲ್ಲೀಲಿ ಸ್ಕೂಟರ್ ನಿಲ್ಸೋಕೂ ಜಾಗ ಇಲ್ಲ. ನಿಮ್ಮ ಅಂಗಳ ನೋಡೇ ನಾನು ಒಪ್ಪಿದ್ದು. ಜಾಗ ಸಿಗೋವರೆಗೂ ಇಲ್ಲೇ ಇರಲಿ. ಆದ್ರೆ ಇನ್ಮೇಲೆ ಯಾರನ್ನೂ ಹತ್ತಿಸ್ಬೇಡಿ. ನನ್ನ ಕಾರು."

ಆಟೋ ಹೋದ ಜಾಗಕ್ಕೇ ಚಪ್ಪರದ ಗಳ ತುಂಬಿದ ಟೆಂಪೊ ಬಂದು ನಿಂತಿತು.

"ರೀ, ಮಾರಿದ್ದಾಯ್ತೇನ್ರೀ?" ಒಳಗಿನಿಂದ ವಿಶಾಲಮ್ಮ ಕೂಗಿದರು.

"ಆಯ್ತು ಕಣೇ," ಎಂದ ನಾಗಭೂಷಣ್, ಗಳ ಎಲ್ಲಿ ನೆಡಬೇಕೆಂದು ಕೇಳಿದ ಆಳಿಗೆ ಸದ್ದಿಲ್ಲದೆ ಕಾರಿನ ನಾಲ್ಕು ಮೂಲೆ ತೋರಿಸಿದರು.